ಸೇತುವೆಗೊಂದು ಅಳತೆ, ಮಂಚಕ್ಕೊಂದು ಅಳತೆ

(ಮಠದ ಮಾಸಿಕ ಶರಣ ಸಂಗಮದಲ್ಲಿ ನೀಡಿದ ಉಪನ್ಯಾಸದ ಬರಹರೂಪ)

 

ಮದುವೆಯ ಹಂಗಾಮು ಹತ್ತಿರ ಬಂದಿದೆ. ಅದಕ್ಕೇ ಇಂದು ಮಂಚ, ಗಾದಿ, ಕಪಾಟಿನ ಬಗ್ಗೆ ನಾಲ್ಕು ಮಾತು ಆಡುತ್ತೇನೆ. ಅನುಭಾವದ ವೇದಿಕೆಯಲ್ಲಿ ಗಾದಿಯ ಮಾತೇ ಎಂದು ನಗಬೇಡಿ. ನಾನು ದುಡ್ಡು ಕಳೆದುಕೊಂಡು ಕಲಿತೆ; ನೀವು ಕೇಳಿ ಕಲಿಯಿರಿ.

ಲೋಕೋಪಯೋಗಿ ಇಲಾಖೆಯಲ್ಲಿ 32 ವರ್ಷ ಎಂಜಿನಿಯರ್ ಆಗಿದ್ದೆ. ಸೇತುವೆಯ ಕಾಂಕ್ರೀಟ್ ಅಂದರೆ ಕ್ಯೂಬ್ ಹಾಕಿಸಿ, 28 ದಿನ ಕಾಯ್ದು, ಯಂತ್ರದಲ್ಲಿ ಒತ್ತಿ ನೋಡದೆ ಒಪ್ಪುತ್ತಿರಲಿಲ್ಲ. ಅಂಥ ನಾನು ಹಿರಿಯ ಮಗಳ ಮದುವೆಗೆ ಮಂಚ, ಗಾದಿ, ಕಪಾಟು, ಡ್ರೆಸ್ಸಿಂಗ್ ಟೇಬಲ್ ಎಲ್ಲವನ್ನೂ ಅರ್ಧ ಗಂಟೆಯಲ್ಲಿ ಕೊಂಡೆ. ನೋಡಿದ್ದು ಹೊಳಪು ಮಾತ್ರ. ಆಗ ನನ್ನ ಕಣ್ಣ ಮುಂದೆ ಇದ್ದವರು ಅದರ ಮೇಲೆ ಮಲಗುವ ಮಗಳು-ಅಳಿಯ ಅಲ್ಲ, ಮಂಟಪದಲ್ಲಿ ಸಾಮಾನು ನೋಡಲು ನಿಲ್ಲುವ ಬೀಗರು.

ಮಗಳು-ಅಳಿಯ ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದರು. ಎರಡನೇ ಸಲ ಮನೆ ಬದಲಿಸುವಾಗ ಬಿಚ್ಚಿದ ಮಂಚವನ್ನು ಮತ್ತೆ ಜೋಡಿಸಲು ಬರಲಿಲ್ಲ. ಸ್ಕ್ರೂ ಹಾಕಿದಲ್ಲೆಲ್ಲ ಪುಡಿ ಉದುರಿತು. ಗಾದಿ ನಡುವೆ ತಗ್ಗುಬಿದ್ದು ಮಗಳಿಗೆ ಬೆನ್ನುನೋವು. ನಮ್ಮ ಮನೆಯವರು ಒಂದೇ ಮಾತು ಕೇಳಿದರು: "ಸೇತುವೆಗೆ ಕ್ಯೂಬ್ ಟೆಸ್ಟ್ ಮಾಡಸ್ತಿದ್ರಿ. ಮಗಳ ಮಂಚಕ್ಕ ಏನ್ ಟೆಸ್ಟ್ ಮಾಡಿದ್ರಿ?" ನನ್ನಲ್ಲಿ ಉತ್ತರವಿರಲಿಲ್ಲ.

ಪರೀಕ್ಷೆ ಕಷ್ಟವೇನಲ್ಲ. ಪಾರ್ಟಿಕಲ್ ಬೋರ್ಡ್ ಅಂದರೆ ಕಟ್ಟಿಗೆಯ ಚೂರು-ಪುಡಿಗೆ ಅಂಟು ಸೇರಿಸಿ ಒತ್ತಿದ ಹಲಗೆ. ನೀರು ತಾಗಿದರೆ ಅಂಚು ಉಬ್ಬುತ್ತದೆ. ಒಮ್ಮೆ ತೆಗೆದ ಸ್ಕ್ರೂ ಮತ್ತೆ ಬಿಗಿಯಾಗಿ ಕೂಡುವುದಿಲ್ಲ. ಅಂಗಡಿಯಲ್ಲಿ ಮುಂಭಾಗ ನೋಡಬೇಡಿ. ಡ್ರಾಯರ್ ಹೊರಗೆಳೆದು ಅದರ ಹಿಂದಿನ ಅಂಚು ನೋಡಿ. ಪುಡಿ ಕಂಡರೆ ಪುಡಿಯ ಬೆಲೆಯನ್ನೇ ಕೊಡಿ, ಸಾಗುವಾನಿಯ ಬೆಲೆ ಕೊಡಬೇಡಿ. ಪ್ಲೈವುಡ್ ಆದರೆ ಐಎಸ್ಐ ಗುರುತಿನ ಜೊತೆ ಅಂಕಿ ಓದಿ: ಐಎಸ್ 303 ಸಾಮಾನ್ಯ ಬಳಕೆಯದು, ಐಎಸ್ 710 ನೀರು ತಾಳುವಂಥದು.

ಫೋಮ್ ಗಾದಿಯನ್ನು ಕೈಯಿಂದ ಒತ್ತಿ ನೋಡಿದರೆ ಮೆತ್ತಗಿರುವುದು ತಿಳಿಯುತ್ತದೆ, ಬಾಳಿಕೆ ತಿಳಿಯುವುದಿಲ್ಲ. ಸಾಂದ್ರತೆ ಕೇಳಿ, ತೂಗಿಸಿ ನೋಡಿ. 6 ಅಡಿ ಉದ್ದ, 5 ಅಡಿ ಅಗಲ, 6 ಇಂಚು ದಪ್ಪ ಅಂದರೆ 15 ಘನ ಅಡಿ, ಸುಮಾರು 0.425 ಘನ ಮೀಟರ್. ಸಾಂದ್ರತೆ 32 ಎಂದು ಹೇಳಿದರೆ ತೂಕ ಹದಿಮೂರೂವರೆ ಕೆ.ಜಿ. ಇರಬೇಕು. 8 ಕೆ.ಜಿ. ಬಂದರೆ ಸಾಂದ್ರತೆ 19ರ ಆಸುಪಾಸು. ಮಾತಿಗೂ ಮಾಲಿಗೂ ಹೊಂದಿಕೆಯಿಲ್ಲ. ತೂಕವೊಂದೇ ಸಾಕ್ಷಿಯಲ್ಲ ನಿಜ, ಆದರೆ ಸುಳ್ಳು ಅಲ್ಲಿಯೇ ಮೊದಲು ಸಿಕ್ಕಿಬೀಳುತ್ತದೆ. ನಮ್ಮ ಹತ್ತಿ ಗಾದಿಯನ್ನೂ ಹೀಗಳೆಯಬೇಡಿ. ಗಂಟು ಕಟ್ಟಿದರೆ ಪಿಂಜಾರ ಬಂಧುಗಳಿಂದ ಹಿಂಜಿಸಿ ಮತ್ತೆ ತುಂಬಿಸಬಹುದು. ಅವರ ಕಾಯಕವೂ ಉಳಿಯುತ್ತದೆ. ತಗ್ಗುಬಿದ್ದ ಫೋಮನ್ನು ಯಾರೂ ಹಿಂಜಿ ಕೊಡಲಾರರು.

"ಶೂನ್ಯ ಬಡ್ಡಿ" ಕಂತಿಗೆ ಮರುಳಾಗಬೇಡಿ. ಶೂನ್ಯ ಬಡ್ಡಿ ಎಂಬುದೇ ಇಲ್ಲವೆಂದು ರಿಸರ್ವ್ ಬ್ಯಾಂಕ್ 2013ರಲ್ಲಿಯೇ ಬ್ಯಾಂಕುಗಳಿಗೆ ತಿಳಿಸಿದೆ. ಬಡ್ಡಿ ಶುಲ್ಕದಲ್ಲಿಯೋ ಬೆಲೆಯಲ್ಲಿಯೋ ಅಡಗಿರುತ್ತದೆ. ನಗದು ಕೊಟ್ಟರೆ ಎಷ್ಟು ಎಂದು ಮೊದಲು ಕೇಳಿ. ಬಿಲ್ಲು ಪಡೆಯಿರಿ, ಯಾವ ಕಟ್ಟಿಗೆ, ಎಷ್ಟು ಸಾಂದ್ರತೆ, ಎಷ್ಟು ವರ್ಷದ ವಾರಂಟಿ ಎಂಬುದನ್ನು ಅದರಲ್ಲಿ ಬರೆಸಿ. ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ಜಿಲ್ಲಾ ಗ್ರಾಹಕ ಆಯೋಗವಿದೆ. ಬಿಲ್ಲಿಲ್ಲದಿದ್ದರೆ ಹೋರಾಟ ಕಷ್ಟ.

ಇಷ್ಟೇ ಆಗಿದ್ದರೆ ನನ್ನ ನಷ್ಟ ದುಡ್ಡಿನ ನಷ್ಟ. ಹಾಗಾಗಲಿಲ್ಲ. ಮರುವರ್ಷ ನಮ್ಮ ಕಚೇರಿಯ ಜೀಪ್ ಚಾಲಕ ಸಾಲಕ್ಕೆ ಜಾಮೀನು ಕೇಳಿ ಮನೆಗೆ ಬಂದ. ಮಗಳ ಮದುವೆ. ಕೈಯಲ್ಲಿ ಸಾಮಾನಿನ ಪಟ್ಟಿ. ಓದಿದೆ: ನಮ್ಮ ಮಂಟಪದಲ್ಲಿ ಇಟ್ಟಿದ್ದ ಸಾಮಾನೇ, ಅದೇ ಕ್ರಮದಲ್ಲಿ. "ಸಾಹೇಬ್ರ, ಬೀಗರು ನಿಮ್ಮನಿ ಮದುವಿಗೆ ಬಂದಿದ್ರು ರೀ" ಎಂದ. ಬೇಡ ಎನ್ನುವ ಬಾಯಿ ನನಗಿರಲಿಲ್ಲ, ಸಹಿ ಹಾಕಿದೆ. ನಾಲ್ಕು ವರ್ಷ ಅವನ ಸಂಬಳದಲ್ಲಿ ಕಂತು ಮುರಿಯಿತು. ಕಂತು ಮುಗಿಯುವ ಮೊದಲೇ ಆ ಮಂಚ ಮುರಿದಿತ್ತು.

ಕೇಳಿ ಪಡೆದರೆ ಅದು ವರದಕ್ಷಿಣೆ, 1961ರಿಂದ ಕಾಯ್ದೆಗೆ ವಿರುದ್ಧ. ಕೇಳದಿದ್ದರೂ ಮೆರೆಸಲು ಕೊಟ್ಟರೆ, ಅದರ ಬೆಲೆಯನ್ನು ನಮಗಿಂತ ಬಡವರು ತೆರುತ್ತಾರೆ. ದಾಸೋಹದ ಮಾತಾಡುವ ನಾವು ಪಕ್ಕದ ಮನೆಗೆ ಸಾಲ ಹಂಚಬಾರದು.

ಕಿರಿಯ ಮಗಳ ಮದುವೆಗೆ ಮೊದಲೇ ಬೀಗರ ಮನೆಗೆ ಹೋಗಿ, "ಮಂಟಪದಲ್ಲಿ ಏನೂ ಇಡುವುದಿಲ್ಲ" ಎಂದು ಹೇಳಿದೆ. ಅವರು ಒಂದು ಗಳಿಗೆ ಸುಮ್ಮನಿದ್ದರು. ಆಮೇಲೆ ಬೀಗತಿಯವರೇ, "ಚಲೋ ಆತು ಅಣ್ಣಾ, ನಮಗೂ ಇನ್ನೊಬ್ಬಾಕಿ ಮಗಳದಾಳ" ಎಂದರು. ಮದುವೆಯಾದ ಮೂರು ತಿಂಗಳಿಗೆ ಮಗಳು-ಅಳಿಯ ತಮ್ಮ ಕೋಣೆ ಅಳೆದು, ತಾವೇ ಮಲಗಿ ನೋಡಿ ಒಂದು ಮಂಚ, ಒಂದು ಗಾದಿ ಕೊಂಡರು. ಇನ್ನೂ ಗಟ್ಟಿಯಾಗಿವೆ.

ಈ ಹಂಗಾಮಿನಲ್ಲಿ ಯಾರ ಮನೆಯಲ್ಲಿ ಮದುವೆಯಿದೆಯೋ ಅವರಲ್ಲಿ ನನ್ನದೊಂದು ಬೇಡಿಕೆ: ಮಂಟಪದಲ್ಲಿ ಸಾಮಾನು ಸಾಲಾಗಿ ಇಡುವುದನ್ನು ಬಿಡಿ. ಅನುಕೂಲ ಇರುವವರೇ ಮೊದಲು ಬಿಡಬೇಕು. ಆಗ ಇಲ್ಲದವರಿಗೆ ಬಿಡುವ ಧೈರ್ಯ ಬರುತ್ತದೆ.