ರೈತರ ಮನೆಯ ಪಥ್ಯವೂ ಪೋಷಣೆಯೂ



ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳು ಇಂದು ದಾವಣಗೆರೆಯ ಒಂದೇ ಜಿಲ್ಲೆಯ ಅಂಗಗಳು. 1997ಕ್ಕೆ ಮೊದಲು ಜಗಳೂರು ಚಿತ್ರದುರ್ಗಕ್ಕೂ ಉಳಿದ ಸೀಮೆಯು ಶಿವಮೊಗ್ಗಕ್ಕೂ ಸೇರಿದ್ದಿತು. ನೆಲವೂ ಒಂದೇ ಬಗೆಯದಲ್ಲ. ಚನ್ನಗಿರಿ ಹೊನ್ನಾಳಿಗಳಿಗೆ ಭದ್ರಾ ನಾಲೆಯ ನೀರುಂಟು, ಭತ್ತ ಅಡಕೆಗಳುಂಟು. ಜಗಳೂರು ಮಳೆಯನ್ನೇ ನೆಚ್ಚಿದ ಬರದ ಸೀಮೆ. ಆದರೂ ರೈತರ ಅಡಿಗೆಮನೆಗಳನ್ನು ಎಲ್ಲೆಡೆಯೂ ಒಂದೇ ಶಾಸ್ತ್ರವು ಆಳುತ್ತಿರುವುದು. ಅದು ಉಷ್ಣ, ತಂಪು, ನಂಜು, ವಾಯುಗಳ ಶಾಸ್ತ್ರ. ಬರೆದಿಟ್ಟವರಿಲ್ಲ, ಅತ್ತೆಯಿಂದ ಸೊಸೆಗೆ ಬಾಯಿಮಾತಿನಲ್ಲಿ ಇಳಿದು ಬಂದುದು.

ಇದನ್ನು ಬರಿಯ ಮೌಢ್ಯವೆಂದು ನಗುವವರ ಪಂಕ್ತಿಯಲ್ಲಿ ನಾವು ಕುಳ್ಳಿರಲಾರೆವು. ಬಾಣಂತಿಗೆ ಮೆಂತ್ಯ, ಬೆಳ್ಳುಳ್ಳಿ, ತುಪ್ಪ, ಕೊಬ್ಬರಿ ಹಾಕಿದ ಅಂಟಿನುಂಡೆಯನ್ನು ಕೊಟ್ಟವರು ಅವಿವೇಕಿಗಳಾಗಿರಲಿಲ್ಲ. ದೇಹಕ್ಕೆ ತಂಪೆಂದು ರಾಗಿಯ ಅಂಬಲಿಯನ್ನು ಕುಡಿದವರಿಗೆ, ಅವರು ಅರಿಯದೆಯೇ, ಎಲುಬಿಗೆ ಬೇಕಾದ ಸುಣ್ಣದ ಅಂಶವೂ ದೊರೆಯುತ್ತಿದ್ದಿತು. 100 ಗ್ರಾಮ್ ರಾಗಿಯಲ್ಲಿ ಅದು ಸುಮಾರು 350 ಮಿಲಿಗ್ರಾಮ್. ಪಾಲಿಷ್ ಮಾಡಿದ ಅಕ್ಕಿಯಲ್ಲಿ ಹತ್ತನ್ನೂ ಮುಟ್ಟದು. ಪರಂಗಿಯ ಭಯಕ್ಕೂ ಅಲ್ಪ ಆಧಾರವಿದೆ. ಕಾಯಿಯ ಹಾಲು ಗರ್ಭಕೋಶವನ್ನು ಕುಗ್ಗಿಸಬಲ್ಲುದೆಂದು ಇಲಿಗಳ ಮೇಲಣ ಪರೀಕ್ಷೆಗಳಲ್ಲಿ ಕಂಡುಬಂದಿದೆ. ಆದರೆ ಚೆನ್ನಾಗಿ ಮಾಗಿದ ಹಣ್ಣಿಗೆ ಆ ದೋಷವು ಕಾಣಲಿಲ್ಲ. ಕಾಯಿಯ ಅಪರಾಧಕ್ಕೆ ಹಣ್ಣನ್ನೂ ದಂಡಿಸುವುದು ನ್ಯಾಯವಲ್ಲವಷ್ಟೆ!

ನಮ್ಮ ತಕರಾರು ಇರುವುದು ಬೇರೆಡೆಗೆ. ಪಥ್ಯವು ಬೇಡವೆಂದು ತೆಗೆದುಹಾಕುವ ಪದಾರ್ಥಗಳೇ ಬಹುಮಟ್ಟಿಗೆ ತಾಯಿಗೆ ಬೇಕಾದವುಗಳಾಗಿರುತ್ತವೆ. ನುಗ್ಗೆಸೊಪ್ಪು ಉಷ್ಣ, ಮೊಟ್ಟೆ ಉಷ್ಣ, ಬಾಳೆಹಣ್ಣು ಶೀತ, ಬೇಳೆ ವಾಯು. ಕೂಸು ದೊಡ್ಡದಾದರೆ ಹೆರಿಗೆ ಕಷ್ಟವಾದೀತೆಂದು ಬಸುರಿಯ ತುತ್ತನ್ನೇ ಕಡಿಮೆ ಮಾಡುವವರೂ ಉಂಟು. ಹೆತ್ತ ಮೇಲೆ ನೀರನ್ನು ಅಳೆದು ಕೊಡುವರು. ಹಾಲೂಡುವವಳಿಗೆ ನೀರು ಹೆಚ್ಚಾಗಿ ಬೇಕೆಂಬುದನ್ನು ಹಸುವಿನ ವಿಷಯದಲ್ಲಿ ಮರೆಯದ ರೈತನು ಮನೆಯಾಕೆಯ ವಿಷಯದಲ್ಲಿ ಮರೆಯುವನು. ಮೊದಲ ದಿನಗಳ ದಪ್ಪನೆಯ ಹಳದಿ ಹಾಲನ್ನು ಕೆಟ್ಟುದೆಂದು ಹಿಂಡಿ ಚೆಲ್ಲಿ ಕೂಸಿಗೆ ಸಕ್ಕರೆನೀರು ನೆಕ್ಕಿಸುವುದಂತೂ ಎಲ್ಲಕ್ಕಿಂತ ದೊಡ್ಡ ನಷ್ಟ. ರೋಗಗಳನ್ನು ತಡೆಯುವ ಶಕ್ತಿಯನ್ನು ತಾಯಿಯು ಕೂಸಿಗೆ ಕೊಡುವುದು ಆ ಹಾಲಿನಲ್ಲಿಯೇ.

ಫಲವೇನಾಗಿದೆ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿ ರಕ್ತಹೀನರು; ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65ಕ್ಕೂ ಹೆಚ್ಚು. ಇದೆಲ್ಲವನ್ನೂ ನಂಬುಗೆಯ ತಲೆಗೆ ಕಟ್ಟಲಾಗದು. ಬಡತನವಿದೆ, ಬರವಿದೆ, ಎಲ್ಲರೂ ಉಂಡ ಮೇಲೆ ತಳದಲ್ಲಿ ಉಳಿದುದನ್ನು ಉಣ್ಣುವ ಪದ್ಧತಿಯಿದೆ. ಮೆಕ್ಕೆಜೋಳದ ಪೈರು ಹೊಲವನ್ನೆಲ್ಲ ತುಂಬಿದರೂ ಕಾಳು ಕೋಳಿಯ ಆಹಾರಕ್ಕೂ ಕಾರಖಾನೆಗೂ ಹೋಗುವುದು. ಬೆಳೆದವನ ಗಂಗಾಳಕ್ಕೆ ಬಾರದು.

ನಂಬುಗೆಯನ್ನು ಎಣಿಕೆಗೆ ತಾರದ ಯೋಜನೆಗೆ ಏನಾಗುವುದೆಂಬುದಕ್ಕೆ ನಿದರ್ಶನವು ನಮ್ಮ ಕಣ್ಣೆದುರಿಗಿದೆ. 2017ರ ಅಕ್ಟೋಬರ್ 2ರಂದು ರಾಜ್ಯವು ಮಾತೃಪೂರ್ಣ ಯೋಜನೆಯನ್ನು ಆರಂಭಿಸಿತು. ಬಸುರಿಯರೂ ಬಾಣಂತಿಯರೂ ಅಂಗನವಾಡಿಗೆ ಬಂದು ಅನ್ನ, ಸಾರು, ಮೊಟ್ಟೆ, ಹಾಲು, ಕಡಲೆಕಾಯಿ ಚಿಕ್ಕಿಗಳನ್ನು ಸೇವಿಸಬೇಕೆಂಬುದು ಆಗಿನ ನಿಯಮವಾಗಿದ್ದಿತು. ಉದ್ದೇಶವು ಪರಮ ಶ್ಲಾಘ್ಯ. ಆದರೆ ಹಸಿ ಬಾಣಂತಿಯು ಹೊಸ್ತಿಲು ದಾಟಿ, ಗಾಳಿಗೆ ಮೈಯೊಡ್ಡಿ, ಬೀದಿಯಲ್ಲಿ ನಡೆದು ಹೋಗಿ ಊಟಮಾಡುವುದನ್ನು ಯಾವ ಅತ್ತೆ ಒಪ್ಪುವಳು? ಊಟವಿದ್ದರೂ ಉಣ್ಣಬೇಕಾದವರು ಬಾರದೆ ಹೋದರು. ಕಬ್ಬಿಣದ ಗುಳಿಗೆಗೂ ಇದೇ ಗತಿ. ಕೂಸು ಕಪ್ಪಾಗುವುದು, ಮೈ ಕಾಯುವುದು ಎಂದು ಡಬ್ಬಿಯಲ್ಲಿ ಮುಚ್ಚಿಡುವರು. ನುಂಗಿದವರೂ ಚಹದೊಡನೆ ನುಂಗಿ ಅದರ ಸಾರವನ್ನು ಕೆಡಿಸುವರು.

ಆದುದರಿಂದ ಉಪಾಧ್ಯಾಯ ಬಂಧುಗಳಲ್ಲಿ ನಮ್ಮ ವಿನಂತಿಯಿಷ್ಟು. ಉಪದೇಶವನ್ನು ಸೊಸೆಗೆ ಮಾಡಬೇಡಿರಿ; ಆಕೆಯ ಕೈಯಲ್ಲಿ ಸೌಟಿರಬಹುದು, ತೀರ್ಮಾನವಿಲ್ಲ. ಅತ್ತೆಯೊಡನೆ ಮಾತಾಡಿರಿ, ಆಕೆಯ ಭಾಷೆಯಲ್ಲಿಯೇ ಮಾತಾಡಿರಿ. ನುಗ್ಗೆಸೊಪ್ಪು ಉಷ್ಣವೆಂದರೆ ವಾದಿಸಬೇಡಿರಿ; ತಂಪಾದ ಹೆಸರುಬೇಳೆಯೊಡನೆ ಬೇಯಿಸಿ ಮೇಲೆ ನಿಂಬೆಯನ್ನು ಹಿಂಡಲು ಹೇಳಿರಿ. ಉಷ್ಣವು ತಗ್ಗಿತೆಂದು ಆಕೆಗೆ ಸಮಾಧಾನ. ನಿಂಬೆಯ ಹುಳಿಯಿಂದ ಸೊಪ್ಪಿನ ಕಬ್ಬಿಣವು ಹೆಚ್ಚಾಗಿ ಮೈಗೆ ಹತ್ತುವುದು.