ಸೀತೆಯ ಮೈಮೇಲೆ ಒಡವೆ ಎಲ್ಲಿತ್ತು?



ರಾವಣ ಹೊತ್ತೊಯ್ಯುವಾಗ ಸೀತೆ ಒಡವೆಗಳನ್ನು ಕೆಳಗೆ ಎಸೆದಳು. ಇದು ನಮಗೆಲ್ಲ ಗೊತ್ತಿರುವ ಕಥೆ. ಆದರೆ ಎಲ್ಲವನ್ನೂ ಬಿಟ್ಟು ಕಾಡು ಸೇರಿದವಳ ಮೈಮೇಲೆ ಒಡವೆ ಎಲ್ಲಿಂದ ಬಂತು? ಹೀಗೊಂದು ಸಂಶಯ ಎತ್ತುವುದು ಅಮೆರಿಕದ ಕಾರ್ಟೂನ್ ಚಿತ್ರವೊಂದರ ನೆರಳುಗೊಂಬೆ. ಚಿತ್ರದ ಹೆಸರು ‘ಸೀತಾ ಸಿಂಗ್ಸ್ ದಿ ಬ್ಲೂಸ್’, ಬಂದದ್ದು 2008ರಲ್ಲಿ.

ಅದನ್ನು ಮಾಡಿದವರು ನೀನಾ ಪೇಲಿ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಗಂಡನೊಂದಿಗೆ ಇದ್ದವರು. ಗಂಡನಿಗೆ ತಿರುವನಂತಪುರದಲ್ಲಿ ಕೆಲಸ ಸಿಕ್ಕಿತು, ಈಕೆಯೂ ಹಿಂದೆಯೇ ಹೋದರು, ಅಲ್ಲಿ ರಾಮಾಯಣ ಓದಿದರು. ಮುಂದೆ ನ್ಯೂಯಾರ್ಕಿಗೆ ಬಂದಿದ್ದಾಗ, ಇನ್ನು ಮರಳಿ ಬರಬೇಡ ಎಂದು ಗಂಡನಿಂದ ಇ-ಮೇಲ್ ಬಂತು. ಆ ನೋವನ್ನೂ ಸೀತೆಯ ನೋವನ್ನೂ ಹೆಣೆದು, 82 ನಿಮಿಷದ ಚಿತ್ರವನ್ನು ಬಹುಪಾಲು ಒಬ್ಬರೇ ಮನೆಯ ಕಂಪ್ಯೂಟರಿನಲ್ಲಿ ತಯಾರಿಸಿದರು. ಸೀತೆ ಹಾಡುವುದು 1920ರ ದಶಕದ ಗಾಯಕಿ ಆನೆಟ್ ಹ್ಯಾನ್ಶಾ ಅವರ ದನಿಯಲ್ಲಿ. ಆ ಹಳೆಯ ಹಾಡುಗಳ ಹಕ್ಕಿಗೇ 50 ಸಾವಿರ ಡಾಲರ್ ತೆರಬೇಕಾಯಿತು!

ನನಗೆ ಹಿಡಿಸಿದ್ದು ಹಾಡಲ್ಲ, ಚಿತ್ರದಲ್ಲಿ ಕಥೆ ಹೇಳುವ ಮೂರು ನೆರಳುಗೊಂಬೆಗಳ ಮಾತು. ಅವಕ್ಕೆ ದನಿ ಕೊಟ್ಟ ಮೂವರೂ ಭಾರತೀಯ ಮೂಲದವರು. ಬರೆದುಕೊಟ್ಟ ಸಂಭಾಷಣೆ ಇರಲಿಲ್ಲ. ಚಿಕ್ಕಂದಿನಲ್ಲಿ ಕೇಳಿದ್ದನ್ನು ನೆನಪಿಸಿಕೊಳ್ಳುತ್ತ, ಒಬ್ಬರನ್ನೊಬ್ಬರು ತಿದ್ದುತ್ತ ಹೋಗುತ್ತಾರೆ. ನಮ್ಮ ತಾಳಮದ್ದಳೆಯಲ್ಲೂ ಅರ್ಥ, ಅಂದರೆ ಪಾತ್ರದ ಮಾತು, ಬರೆದಿಟ್ಟದ್ದಲ್ಲ, ಆಶುವಾಗಿಯೇ ಹೊರಡಬೇಕು. ಆದರೆ ಅಲ್ಲಿ ಎದುರಿಗೆ ಕೂತ ಅರ್ಥಧಾರಿ ಸುಮ್ಮನೆ ಬಿಡುವವನಲ್ಲ. ಪ್ರಶ್ನೆ ಹಾಕಿದವನಿಗೆ ಉತ್ತರ ಕೊಟ್ಟೇ ತೀರುತ್ತಾನೆ. ಇಲ್ಲಿ ಪ್ರಶ್ನೆ ನಗೆಯಲ್ಲಿ ತೇಲಿಹೋಗುತ್ತದೆ.

ಒಡವೆಯ ಪ್ರಶ್ನೆಗೆ ವಾಲ್ಮೀಕಿಯಲ್ಲಿ ಉತ್ತರವಿದೆ, ಒಂದಲ್ಲ, ಎರಡು. ಅಯೋಧ್ಯಾಕಾಂಡದಲ್ಲಿ ಕೈಕೇಯಿ ನಾರುಮಡಿ ಕೊಟ್ಟಾಗ ಅದನ್ನು ಉಡುವ ಬಗೆ ಸೀತೆಗೆ ತಿಳಿಯುವುದಿಲ್ಲ. ವಸಿಷ್ಠರು ಸಿಟ್ಟಾಗುತ್ತಾರೆ. ಆಗ ದಶರಥ, ವನವಾಸದ ವರ್ಷಗಳನ್ನು ಲೆಕ್ಕಹಾಕಿ ಅಷ್ಟಕ್ಕೂ ಸಾಲುವಷ್ಟು ಸೀರೆ ಒಡವೆ ತರಿಸಿ ಸೊಸೆಗೆ ಕೊಡಿಸುತ್ತಾನೆ. ಮುಂದೆ ಅತ್ರಿಯ ಆಶ್ರಮದಲ್ಲಿ ಅನಸೂಯೆಯೂ ಅವಳಿಗೆ ಆಭರಣ ತೊಡಿಸಿ ಕಳಿಸುತ್ತಾಳೆ.

ಗೊಂಬೆಗಳ ಇನ್ನೊಂದು ತಕರಾರು: ಹನುಮಂತ ಬಂದಾಗಲೇ ಅವನ ಬೆನ್ನೇರಿ ಹೊರಟಿದ್ದರೆ ಇಷ್ಟೊಂದು ಕಪಿಗಳು ಸಾಯುತ್ತಿರಲಿಲ್ಲವಲ್ಲ! ಸುಂದರಕಾಂಡದ ಸೀತೆ ಇದನ್ನು ಯೋಚಿಸದೆ ಬಿಟ್ಟವಳಲ್ಲ, ಹನುಮಂತನಿಗೆ ಹೀಗೆನ್ನುತ್ತಾಳೆ: ನಿನ್ನ ವೇಗಕ್ಕೆ ತಲೆ ತಿರುಗಿ ಕಡಲಿಗೆ ಬಿದ್ದೇನು. ರಾಕ್ಷಸರು ಬೆನ್ನಟ್ಟಿದರೆ ನೀನು ಕಾದಾಡುವೆಯೋ ನನ್ನನ್ನು ಕಾಯುವೆಯೋ. ನೀನೇ ಎಲ್ಲರನ್ನೂ ಕೊಂದರೆ ರಾಮನ ಹೆಸರೇನಾದೀತು. ಮನಸಾರೆ ಪರಪುರುಷನನ್ನು ಮುಟ್ಟಲಾರೆ. ಮೊದಲ ಎರಡು ಕಾರಣಗಳಂತೂ ಶುದ್ಧ ವ್ಯವಹಾರದವು. ಪಾತಿವ್ರತ್ಯದ ಮಾತು ಬರುವುದು ಅವುಗಳ ಜೊತೆಗೆ.

ವಾಲ್ಮೀಕಿಯನ್ನು ಇಷ್ಟು ಬಿಡಿಸಿ ಓದಬೇಕೆಂದರೆ ಪೇಲಿ ಇದ್ದ ಸ್ಯಾನ್ ಫ್ರಾನ್ಸಿಸ್ಕೋದಿಂದ ದೂರ ಹೋಗಬೇಕಿಲ್ಲ. ಕೊಲ್ಲಿಯ ಆಚೆ ದಡದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಗೋಲ್ಡ್‌ಮನ್ ಮತ್ತು ಸಂಗಡಿಗರು ವಾಲ್ಮೀಕಿ ರಾಮಾಯಣದ ಬರೋಡಾ ಸಂಶೋಧಿತ ಆವೃತ್ತಿಯನ್ನು ಟಿಪ್ಪಣಿಗಳ ಸಮೇತ ಇಂಗ್ಲಿಷಿಗೆ ತಂದಿದ್ದಾರೆ. ಮೊದಲ ಸಂಪುಟ 1984ರಲ್ಲಿ ಬಂತು, ಉತ್ತರಕಾಂಡದ್ದು 2017ರಲ್ಲಿ. ಅಲ್ಲೇ ಹತ್ತಿರದ ಫ್ರೀಮಾಂಟ್, ಸನ್ನಿವೇಲ್ ಕಡೆಯ ಕನ್ನಡದ ಮಕ್ಕಳಿಗೆ ಅನುವಾದ, ಚಿತ್ರ ಎರಡೂ ಕೈಗೆಟುಕುವ ದೂರದಲ್ಲೇ ಇವೆ. ಚಿತ್ರವಂತೂ ಪುಕ್ಕಟೆ, 2013ರಲ್ಲಿ ಪೇಲಿ ಅದರ ಮೇಲಿನ ತಮ್ಮ ಹಕ್ಕನ್ನೇ ಬಿಟ್ಟುಕೊಟ್ಟರು.

ಚಿತ್ರ ದೇವರಿಗೆ ಅಪಚಾರ ಎಂದು ಮುನಿದವರಿದ್ದಾರೆ. ನನಗೆ ಹಾಗೆ ಅನಿಸಲಿಲ್ಲ. ರಾಮ ಗರ್ಭಿಣಿ ಸೀತೆಯನ್ನು ಕಾಡಿಗೆ ಅಟ್ಟಿದ್ದನ್ನು ವಾಲ್ಮೀಕಿಯೂ ಮುಚ್ಚಿಟ್ಟಿಲ್ಲವಷ್ಟೆ. ನನ್ನ ಆಕ್ಷೇಪ ಬೇರೆ. ಸೀತೆ ಭೂಮಿಗಿಳಿದ ಮೇಲೆ ಉತ್ತರಕಾಂಡದ ರಾಮ ಅಳುತ್ತಾನೆ, ಅವಳನ್ನು ಮರಳಿಸದಿದ್ದರೆ ನಿನ್ನನ್ನೇ ನಾಶಮಾಡುವೆನೆಂದು ಭೂಮಿಯ ಮೇಲೆ ಹರಿಹಾಯುತ್ತಾನೆ. ಬೇರೆ ಮದುವೆಯಾಗುವುದಿಲ್ಲ, ಯಜ್ಞ ಯಜ್ಞಕ್ಕೂ ಪತ್ನಿಯ ಜಾಗದಲ್ಲಿ ಬಂಗಾರದ ಜಾನಕಿಯನ್ನು ಇರಿಸಿಕೊಳ್ಳುತ್ತಾನೆ. ತಾನೇ ಅಟ್ಟಿದವಳಿಗಾಗಿ ಹೀಗೆ ಕೊರಗುವ ಗಂಡನಿಗೆ, ಇ-ಮೇಲಿನಲ್ಲಿ ಮುಗಿದ ದಾಂಪತ್ಯದ ಕಥೆಯಲ್ಲಿ ಹೆಚ್ಚು ಜಾಗ ಸಿಕ್ಕಿಲ್ಲ.