ಮಾಗಿಯ ಮೊದಲಲ್ಲಿ ಮಾಜಾಳಿಯ ಕೊಟ್ಟಿಗೆ

ಚಳಿಗಾಲದಲ್ಲಿ ದನಕರುಗಳ ಆರೈಕೆ ಎಂದೊಡನೆ ಓದುಬರಹ ಬಲ್ಲ ಪಟ್ಟಣಿಗರ ಕಣ್ಣಿನ ಮುಂದೆ ನಿಲ್ಲುವುದು ಶೀತದೇಶಗಳ ಚಿತ್ರ: ಹಿಮ ಕವಿದ ಬಯಲು, ಬಾಗಿಲು ಭದ್ರಪಡಿಸಿದ ದೊಡ್ಡ ಕೊಟ್ಟಿಗೆ, ಒಳಗೆ ತಿಂಗಳುಗಟ್ಟಲೆ ಕಟ್ಟಿಹಾಕಿದ ಹಸುಗಳು. ಪಶುಪಾಲನೆಯ ಗ್ರಂಥಗಳಲ್ಲಿ ಅನೇಕವು ಆ ದೇಶಗಳಲ್ಲಿಯೇ ಹುಟ್ಟಿದವಾದುದರಿಂದ ಇದು ಸಹಜವೇ ಸರಿ. ಆದರೆ ನಾವು ಈ ದಿನ ಶ್ರೋತೃಗಳನ್ನು ಕರೆದೊಯ್ಯಬೇಕೆಂದಿರುವುದು ಮಾಜಾಳಿಗೆ. ಕಾರವಾರದಿಂದ ಕಾಳಿ ನದಿಯನ್ನು ದಾಟಿ, ಸದಾಶಿವಗಡವನ್ನು ಹಿಂದೆ ಬಿಟ್ಟು ಉತ್ತರಕ್ಕೆ ಸಾಗಿದರೆ ಗೋವೆಯ ಗಡಿಯಲ್ಲಿ ಸಿಕ್ಕುವ ಕಡಲಕರೆಯ ಊರು ಅದು. ಒಂದು ಮಗ್ಗುಲಿಗೆ ಸಮುದ್ರ, ಇನ್ನೊಂದು ಮಗ್ಗುಲಿಗೆ ಗುಡ್ಡ. ನಡುವೆ ತೆಂಗು ಮತ್ತು ಬತ್ತದ ಗದ್ದೆಗಳು. ಮಾರ್ಗಶಿರದ ರಾತ್ರಿಗಳಲ್ಲಿಯೂ ಅಲ್ಲಿಯ ಉಷ್ಣಮಾನ ಸಾಮಾನ್ಯವಾಗಿ 20 ಡಿಗ್ರಿಯ ಆಸುಪಾಸಿನಲ್ಲಿರುವುದು; ಹಗಲು 30 ಡಿಗ್ರಿಯನ್ನು ಮೀರುವುದುಂಟು. ಇಂತಹ ಊರಿನಲ್ಲಿ ಚಳಿಯೆಂದರೇನು, ಅದಕ್ಕಾಗಿ ಕೊಟ್ಟಿಗೆಯನ್ನು ಸಿದ್ಧಪಡಿಸುವುದೆಂದರೇನು ಎಂದು ಯಾರಾದರೂ ಕೇಳಿದರೆ ಆಶ್ಚರ್ಯವಿಲ್ಲ.

ಉತ್ತರವನ್ನು ಹೆದ್ದಾರಿಯ ಮೇಲೆಯೇ ಕಾಣಬಹುದು. ಹಿಂದೆ 17 ಎಂದೂ ಈಗ 66 ಎಂದೂ ಕರೆಯಿಸಿಕೊಳ್ಳುವ ರಾಷ್ಟ್ರೀಯ ಹೆದ್ದಾರಿ ಮಾಜಾಳಿಯ ಮೂಲಕವೇ ಗೋವೆಯನ್ನು ಹೊಗುತ್ತದೆ. ಮಳೆ ನಿಂತು ಇಬ್ಬನಿ ಬೀಳಲು ತೊಡಗಿದ ಮೇಲೆ ಇಂತಹ ಹೆದ್ದಾರಿಗಳಲ್ಲಿ ರಾತ್ರಿ ಪ್ರಯಾಣ ಮಾಡಿದವರೆಲ್ಲರೂ ಒಂದಲ್ಲ ಒಂದು ಸಲ ಮೋಟಾರಿನ ದೀಪದ ಬೆಳಕಿನಲ್ಲಿ, ರಸ್ತೆಯ ನಟ್ಟನಡುವೆ ಮಲಗಿ ಮೆಲುಕುಹಾಕುತ್ತಿರುವ ಹಸುಗಳನ್ನು ಕಂಡು ಬೆಚ್ಚಿದವರೇ. ಬೆಚ್ಚಿದ ಮೇಲೆ ದನವನ್ನೂ ದನದ ಒಡೆಯನನ್ನೂ ಬಯ್ಯುವುದು ವಾಡಿಕೆ. ಆದರೆ ಹಸುವಿನ ಪಕ್ಷವನ್ನೂ ಸ್ವಲ್ಪ ಆಲಿಸತಕ್ಕದ್ದು. ಡಾಮರು ಹಗಲಿನ ಬಿಸಿಲನ್ನು ಹೀರಿಕೊಂಡು ರಾತ್ರಿ ಬಹಳ ಹೊತ್ತು ಬೆಚ್ಚಗಿರುತ್ತದೆ. ಅದು ಒಣನೆಲ, ಬಯಲಾದುದರಿಂದ ಗಾಳಿಯಾಡಿ ಸೊಳ್ಳೆ ನೊಣಗಳ ಕಾಟ ಕಡಮೆ. ಕೆಸರು ಸೆಗಣಿಗಳಿಂದ ಒದ್ದೆಯಾದ ಕತ್ತಲ ಕೊಟ್ಟಿಗೆಯನ್ನೂ ಈ ಹಾಸಿಗೆಯನ್ನೂ ಮುಂದಿಟ್ಟರೆ ಬುದ್ಧಿಯುಳ್ಳ ಯಾವ ಪ್ರಾಣಿಯೂ ಹೆದ್ದಾರಿಯನ್ನೇ ಆರಿಸೀತು. ಆ ಆಯ್ಕೆಗೆ ಅದು ಕಾಲನ್ನೋ ಪ್ರಾಣವನ್ನೋ ತೆರುತ್ತದೆ. ಒಮ್ಮೊಮ್ಮೆ ಇರುಳಿನಲ್ಲಿ ಬರುವ ಬೈಸಿಕಲ್ ಮೋಟಾರಿನ ಸವಾರನೂ ತೆರುತ್ತಾನೆ.

ಹಗ್ಗ ಬಿಚ್ಚಿ ಬಿಡುವುದಾದರೂ ಏಕೆಂದರೆ, ಅದು ಆ ಸೀಮೆಯ ಹಳೆಯ ಪದ್ಧತಿ. ಕೊಯ್ಲು ಮುಗಿದ ಗದ್ದೆಗಳಲ್ಲಿ ಊರದನಗಳೆಲ್ಲ ಕೂಳೆ ಮೇಯುತ್ತಿದ್ದುವು. ಸಂಜೆಗೆ ಮನೆಯ ಹುಡುಗರು ಅವನ್ನು ಹೊಡೆದು ತರುತ್ತಿದ್ದರು. ಈಗ ಕೆಲವು ಗದ್ದೆಗಳಿಗೆ ತರಕಾರಿಗಾಗಿ ಬೇಲಿ ಬಿದ್ದಿದೆ. ಕೆಲವು ಹಡಿಲು ಬಿದ್ದು ಮುಳ್ಳು ಬೆಳೆದಿವೆ. ಹುಡುಗರು ಓದಿಗೆ, ಉದ್ಯೋಗಕ್ಕೆ ಗೋವೆಗೋ ಕಾರವಾರಕ್ಕೋ ಹೋಗಿಬರುವರು. ಮನೆಯಲ್ಲಿ ಉಳಿದ ಮುದುಕಿಗೆ ಬೆಳಗ್ಗೆ ಕಣ್ಣಿ ಬಿಚ್ಚುವಷ್ಟು ಶಕ್ತಿಯಿದೆ. ಸಂಜೆ ಗುಡ್ಡ ಸುತ್ತಿ ಹುಡುಕುವಷ್ಟು ಇಲ್ಲ. ಕರೆತರುವವರಿಲ್ಲದ ಮೇಲೆ ದನವು ತಾನಾಗಿಯೇ ಮನೆಗೆ ಬರುವಂತಿರಬೇಕು. ಮಾಗಿಯ ಮೊದಲಲ್ಲಿ ಕೊಟ್ಟಿಗೆಯ ಆರೈಕೆಯೆಂದರೆ ನಮ್ಮ ದೃಷ್ಟಿಯಲ್ಲಿ ಇದೇ: ಹೆದ್ದಾರಿಗಿಂತ ಮೇಲಾದ ಹಾಸಿಗೆಯನ್ನು ಮನೆಯಲ್ಲಿ ಒದಗಿಸುವುದು.

ಈ ಹಸುವನ್ನು ಕುರಿತು ಒಂದು ಮಾತು. ಕರಾವಳಿಯ ಮತ್ತು ಮಲೆನಾಡಿನ ಈ ಕಿರುತಳಿಗೆ ಮಲೆನಾಡು ಗಿಡ್ಡವೆಂದು ಹೆಸರು. ಎತ್ತರ ಮೂರಡಿಯ ಆಸುಪಾಸು. ಹಾಲು ದಿನಕ್ಕೆ ಒಂದೆರಡು ಲೀಟರು. ಪೇಟೆಯ ಲೆಕ್ಕಾಚಾರದವರು ಇದನ್ನು ನಿಷ್ಪ್ರಯೋಜಕವೆಂದು ಬಹುಕಾಲ ಹಳಿದರು. 2012ರಲ್ಲಿ ಕರ್ನಾಲಿನ ರಾಷ್ಟ್ರೀಯ ಪಶು ಅನುವಂಶಿಕ ಸಂಪನ್ಮೂಲ ಸಂಸ್ಥೆ ಇದನ್ನು ಸ್ವತಂತ್ರ ತಳಿಯೆಂದು ದಾಖಲಿಸಿತು. ಹಾಲೊಂದನ್ನೇ ಅಳೆದರೆ ಇದು ಸೋಲುತ್ತದೆ. ಧಾರಾಕಾರ ಮಳೆಯನ್ನು ತಡೆಯುವ ಗುಣ, ಅಲ್ಪಾಹಾರ, ತೆಂಗಿನ ಬುಡಕ್ಕೂ ಗದ್ದೆಗೂ ಬೀಳುವ ಗೊಬ್ಬರ, ಇವನ್ನೂ ತಕ್ಕಡಿಗೆ ಹಾಕಿದರೆ ಫಲಿತಾಂಶ ಬೇರೆಯಾಗುತ್ತದೆ.

ಮೊದಲು ನೆಲ. ನಾಲ್ಕು ತಿಂಗಳ ಮಳೆಯಲ್ಲಿ ಕೊಟ್ಟಿಗೆಯ ನೆಲ ನೀರು ಕುಡಿದು ಹೊಂಡಬಿದ್ದಿರುತ್ತದೆ. ದೀಪಾವಳಿಯ ಪಾಡ್ಯದಂದು ಗೋಪೂಜೆಗೆಂದು ಹೇಗೂ ಕೊಟ್ಟಿಗೆಯನ್ನು ತೊಳೆಯುವುದುಂಟು. ಗಡಿಯಾಚೆ ಗೋವೆಯಲ್ಲಿಯೂ ಅದು ದನಗಳದೇ ಹಬ್ಬ. ಆ ನೆವದಿಂದಲೇ ಹಳೆಯ ಮಣ್ಣನ್ನು ಕೆತ್ತಿ ತೆಗೆದು, ಚಿರೆಕಲ್ಲಿನ ಪುಡಿ ತುಂಬಿ, ಗಂಜಳ ಹರಿದುಹೋಗುವಂತೆ ಓರೆ ಕೊಟ್ಟು ದಮ್ಮಸ್ಸು ಮಾಡಿದರೆ ಹಬ್ಬ ಸಾರ್ಥಕ. ಬಳಿಕ ಗಾಳಿ. ರಾತ್ರಿಯ ಕಡೆಯ ಜಾವದಲ್ಲಿ ಗುಡ್ಡದ ಕಡೆಯಿಂದ ಸಮುದ್ರದತ್ತ ತಣ್ಣನೆಯ ನೆಲಗಾಳಿ ಬೀಸುತ್ತದೆ. ಆದುದರಿಂದ ಮೂಡಣ ಮಗ್ಗುಲಿಗೆ, ಮಲಗಿದ ದನದ ಮೈಯಷ್ಟು ಎತ್ತರಕ್ಕೆ, ಗೋಣಿಯನ್ನೋ ತೆಂಗಿನ ತಟ್ಟಿಯನ್ನೋ ಕಟ್ಟಿದರೆ ಸಾಕು. ಮೇಲ್ಭಾಗ ತೆರೆದೇ ಇರಬೇಕು. ಚಳಿಯೆಂದು ನಾಲ್ಕೂ ಕಡೆ ಮುಚ್ಚಿದರೆ ಗಂಜಳದ ಘಾಟು ಒಳಗೇ ಕೂಡಿ ದನಕ್ಕೆ ಕೆಮ್ಮು ತರುವುದು.

ಹಾಸಿಗೆಗೆ ಆ ಜಿಲ್ಲೆಯಲ್ಲಿ ದರಕು, ಎಂದರೆ ಕಾಡಿನ ಒಣಗಿದ ಎಲೆ, ಬಹಳ ಕಾಲದಿಂದ ಬಂದಿದೆ. ಒದ್ದೆಯನ್ನು ಹೀರುತ್ತದೆ, ಮೈಗೆ ಬೆಚ್ಚಗೆ, ಕೊನೆಗೆ ಗೊಬ್ಬರ. ಆದರೆ ಇಲ್ಲಿ ಒಂದು ಎಚ್ಚರಿಕೆ ಅವಶ್ಯ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆ ಉತ್ತರಕನ್ನಡದ ಸಿದ್ದಾಪುರ ಮೊದಲಾದ ಕಡೆಗಳಿಗೂ ಹಬ್ಬಿ ಜೀವಗಳನ್ನು ತೆಗೆದುಕೊಂಡಿದೆ. ಅದನ್ನು ಹರಡುವುದು ಉಣುಗು. ಎಳೆಯ ಉಣುಗುಗಳು ಕಾಡಿನ ತರಗೆಲೆಗಳಲ್ಲಿ ಹೆಚ್ಚುವ ಕಾಲ ಚಳಿಗಾಲದಿಂದಲೇ ಆರಂಭ. ದನಕ್ಕೆ ಆ ಜ್ವರ ಬಾರದು. ಆದರೆ ದನದ ರಕ್ತ ಕುಡಿದೇ ಬಲಿತ ಉಣುಗುಗಳು ಸಂತಾನ ಬೆಳೆಸುವುವು. ಮಂಗ ಸತ್ತ ಕಾಡಿನ ದರಕನ್ನು ಎಂದಿಗೂ ತರಬಾರದು. ಅಂತಹ ಸಂದೇಹವಿದ್ದಾಗ ತೆಂಗಿನ ಒಣಗರಿಯನ್ನು ಕೊಚ್ಚಿ, ಅಥವಾ ದನ ತಿನ್ನದೆ ಬಿಟ್ಟ ಹುಲ್ಲನ್ನು ಹಾಸುವುದು ಕ್ಷೇಮ. ಮೇದು ಬಂದ ದನದ ಕಿವಿಯೊಳಗು, ಕೊರಳು, ಕೆಚ್ಚಲಿನ ಸಂದುಗಳನ್ನು ಪ್ರತಿದಿನವೂ ನೋಡತಕ್ಕದ್ದು. ಐದು ನಿಮಿಷದ ಕೆಲಸ. ದನವೂ ಅದನ್ನು ಬಯಸುತ್ತದೆ. ಕೊರಳು ಚಾಚಿ ನಿಲ್ಲುವುದನ್ನು ನೋಡಿದವರೇ ಬಲ್ಲರು.

ಇನ್ನು ಮೇವು. ಬತ್ತದ ಹುಲ್ಲು ಹೊಟ್ಟೆ ತುಂಬಿಸುವುದೇ ಹೊರತು ಮೈ ತುಂಬಿಸದು. ಅದರಲ್ಲಿ ಸಸಾರಜನಕ ಪೋಷಕಾಂಶ ನೂರಕ್ಕೆ ಮೂರು ನಾಲ್ಕು ಪಾಲು ಮಾತ್ರ. ಹಸುರಿನಿಂದ ಒಣಹುಲ್ಲಿಗೆ ಒಮ್ಮೆಲೇ ಹಾರಬಾರದು. ದನದ ಹೊಟ್ಟೆಯಲ್ಲಿ ಮೇವನ್ನು ಜೀರ್ಣಿಸುವ ಸೂಕ್ಷ್ಮಜೀವಿಗಳು ಹೊಸ ಆಹಾರಕ್ಕೆ ಹೊಂದಿಕೊಳ್ಳಲು ಹತ್ತು ಹದಿನೈದು ದಿನಗಳು ಬೇಕು. ಕೈಲಾದವರು ಹುಲ್ಲನ್ನು ಹದಗೊಳಿಸಬಹುದು: 100 ಕಿಲೋಗ್ರಾಂ ಹುಲ್ಲಿಗೆ 4 ಕಿಲೋಗ್ರಾಂ ಯೂರಿಯಾವನ್ನು ಸುಮಾರು 50 ಲೀಟರು ನೀರಿನಲ್ಲಿ ಪೂರ್ತಿ ಕರಗಿಸಿ, ಪದರಪದರವಾಗಿ ಚಿಮುಕಿಸಿ, ಗಾಳಿಯಾಡದಂತೆ ಮುಚ್ಚಿ ಮೂರು ವಾರ ಇಟ್ಟು, ತಿನ್ನಿಸುವ ಮೊದಲು ಘಾಟು ಹೋಗುವಂತೆ ಹರಡಬೇಕು. ಆರು ತಿಂಗಳೊಳಗಿನ ಕರುವಿಗೆ ಇದು ಸಲ್ಲದು. ಹಸಿ ಯೂರಿಯಾ ದನಕ್ಕೆ ವಿಷವೆಂಬುದನ್ನು ನೆನಪಿಡಬೇಕು. ಅದರ ಚೀಲವನ್ನು ಕೊಟ್ಟಿಗೆಯಲ್ಲಿ ಇಡಲೇಬಾರದು.

ಗಿಡ್ಡ ಹಸುವೊಂದಕ್ಕೆ ದಿನಕ್ಕೆ ಮೂರು ಕಿಲೋಗ್ರಾಂ ಹುಲ್ಲೆಂದು ಹಿಡಿದರೆ, ಡಿಸೆಂಬರಿನಿಂದ ಮಳೆಗಾಲದವರೆಗೆ 180 ದಿನಗಳಿಗೆ 540 ಕಿಲೋಗ್ರಾಂ ಆಯಿತು. ಕೊಯ್ಲಿನ ಸಮಯದಲ್ಲಿ ಕೈಗೆ ಕಾಸು ಬರುವುದೆಂದು ಹುಲ್ಲನ್ನೆಲ್ಲ ಮಾರಿ, ಚೈತ್ರದಲ್ಲಿ ಇಮ್ಮಡಿ ಬೆಲೆಗೆ ಕೊಳ್ಳುವವರುಂಟು. ಕುತ್ರಿಯ ಅಡಿಗೆ ಅಟ್ಟಣೆ ಹಾಕಿ ನೆಲದಿಂದ ಒಂದಡಿ ಎತ್ತರಿಸುವುದನ್ನೂ ಮರೆಯಬಾರದು. ಕಡಲ ಕಡೆಯ ತೇವ ಹುಲ್ಲಿಗೆ ಬೂಷ್ಟು ತರುವುದು, ಬೂಷ್ಟು ಹುಲ್ಲು ಗಬ್ಬದ ಹಸುವಿಗೆ ಅಪಾಯ. ಒಣಮೇವು ತಿನ್ನುವ ದನಕ್ಕೆ ನೀರು ಹೆಚ್ಚು ಬೇಕು. ರಾತ್ರಿಯೆಲ್ಲ ತೊಟ್ಟಿಯಲ್ಲಿ ನಿಂತು ತಣಿದ ನೀರಿಗಿಂತ, ಬೆಳಗ್ಗೆ ಆಗತಾನೆ ಸೇದಿದ ಬಾವಿಯ ಬೆಚ್ಚನೆಯ ನೀರನ್ನೇ ಅದು ಮನಸ್ಸಿಟ್ಟು ಕುಡಿಯುತ್ತದೆ.

ರೋಗಗಳನ್ನು ಬೇಗನೆ ಮುಗಿಸೋಣ. ಮಳೆಗಾಲದಲ್ಲಿ ನೀರು ನಿಂತ ಗದ್ದೆಯ ಅಂಚಿನಲ್ಲಿ ಮೇದ ದನಕ್ಕೆ ಶಂಬುಕಗಳಿಂದ ಬರುವ ಪಿತ್ತಜನಕಾಂಗದ ಹುಳು ಈಗ ತೋರಿಕೊಳ್ಳುತ್ತದೆ. ದವಡೆಯ ಕೆಳಗೆ ನೀರುಚೀಲದಂತಹ ಬಾವು ಅದರ ಗುರುತು. ಪಶುವೈದ್ಯರನ್ನು ಕಂಡು ಔಷಧ ಕುಡಿಸಬೇಕು. ಕಾಲುಬಾಯಿ ಜ್ವರಕ್ಕೆ 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದ ಲಸಿಕೆ ಉಚಿತ. ಲಸಿಕೆಯವರು ಬಂದ ದಿನ ದನ ಹೆದ್ದಾರಿಯಲ್ಲಿದ್ದರೆ ಅದರ ಪ್ರಯೋಜನವೆಲ್ಲಿಯದು? ಎಮ್ಮೆಗೆ ಕೂದಲು ವಿರಳ, ಚಳಿ ಹೆಚ್ಚು; ಅದನ್ನು ಗಾಳಿ ತಾಗದ ಮೂಲೆಯಲ್ಲಿ ಕಟ್ಟತಕ್ಕದ್ದು. ಹೊಸ ಕರುವಿಗೆ ಗಿಣ್ಣುಹಾಲು ಮೊದಲ ಒಂದೆರಡು ಗಂಟೆಯೊಳಗೆ ಸಿಕ್ಕಬೇಕು. ಕೊಟ್ಟಿಗೆಯ ಮೂಲೆಯ ಕೋಳಿಗಳಿಗೆ ಕೊಕ್ಕರೆ ರೋಗದ ಲಸಿಕೆ ಉಂಟು.

ಕೊನೆಯದಾಗಿ ಸಂಜೆಯ ಹೊತ್ತು. ಪ್ರತಿದಿನವೂ ಸೂರ್ಯ ಮುಳುಗುವ ಮೊದಲು, ಒಂದೇ ವೇಳೆಗೆ, ಒಂದು ಹಿಡಿ ತೌಡು, ಒಂದು ತುಂಡು ಹಿಂಡಿ, ಚಿಟಿಕೆ ಉಪ್ಪು ಸೇರಿಸಿದ ಅಕ್ಕಚ್ಚನ್ನು ಗೋದಲಿಯಲ್ಲಿಟ್ಟು ದನವನ್ನು ಹೆಸರು ಹಿಡಿದು ಕೂಗಬೇಕು. ಮೊದಲ ಕೆಲವು ದಿನ ಹಗ್ಗ ಹಿಡಿದೇ ತರಬೇಕಾದೀತು. ನೆರೆಮನೆಯವರ ನೆರವನ್ನು ಕೇಳಲು ಸಂಕೋಚಪಡಬಾರದು. ದನಕ್ಕೆ ವೇಳೆಯ ನೆನಪು ಚೆನ್ನಾಗಿರುತ್ತದೆ. ರುಚಿ ಹತ್ತಿದ ಮೇಲೆ ಅದು ಕೂಗುವುದಕ್ಕೆ ಮೊದಲೇ ಬೇಲಿಯ ತಡಮೆಯ ಬಳಿ ಬಂದು ನಿಂತಿರುತ್ತದೆ. ಆಗ ಬಾಗಿಲು ತೆಗೆಯಲು ಮನೆಯಲ್ಲಿ ಒಬ್ಬರು ಇದ್ದರೆ ಸಾಕು.